ಹಾಡು ನಿಮ್ಮದು, ಖಾತೆ ಯಾರದು? ಸ್ವತಂತ್ರ ಕಲಾವಿದರು ಡಿಸ್ಟ್ರಿಬ್ಯೂಟರ್ ಆರಿಸುವ ಬಗೆ

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್, ಗಾನಾ, ಅಮೆಜಾನ್ ಮ್ಯೂಸಿಕ್‌ಗಳಿಗೆ ಹಾಡು ಏರಬೇಕಾದರೆ ಸಾಮಾನ್ಯವಾಗಿ ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಆ್ಯಪ್‌ಗಳಿಗೆ ತಲುಪಿಸಿ ಗಳಿಕೆ ತಂದುಕೊಡುವ ಸೇವೆ ಬೇಕು. ಯೂಟ್ಯೂಬಿಗೆ ವಿಡಿಯೋ ನೀವೇ ಹಾಕಬಹುದು. ಆದರೆ ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಆಲ್ಬಮ್ಮಾಗಿ ಕಾಣಿಸಬೇಕು, ಇನ್‌ಸ್ಟಾಗ್ರಾಮ್ ರೀಲ್ಸ್ ಮಾಡುವವರಿಗೆ ಹಾಡಿನ ಪಟ್ಟಿಯಲ್ಲಿ ಸಿಗಬೇಕು ಅಂದರೆ ಅಲ್ಲೂ ದಾರಿ ಇದೇ. ಹುಬ್ಬಳ್ಳಿಯ ಕಾಲೇಜು ಹುಡುಗರ ರ‍್ಯಾಪ್ ಇರಲಿ, ಧಾರವಾಡದ ಖಯಾಲು ಇರಲಿ, ಗದಗ-ಹಾವೇರಿ ಕಡೆಯ ಭಜನಾ ಪದ, ಗೀಗೀ ಪದ ಇರಲಿ, ಎಲ್ಲವೂ ಇದೇ ಬಾಗಿಲಿನಿಂದ ಒಳಗೆ ಹೋಗಬೇಕು.

ಈ ಸೇವೆಗಳ ಜಾಹೀರಾತು ನೋಡಿದರೆ ಎರಡೇ ಮಾತು ದೊಡ್ಡದಾಗಿ ಕಾಣುತ್ತವೆ: ನೂರೈವತ್ತು ಕಡೆ ಹಾಡು ಕಳಿಸುತ್ತೇವೆ, ನೂರಕ್ಕೆ ನೂರು ರಾಯಲ್ಟಿ ಕೊಡುತ್ತೇವೆ. ಆಯ್ಕೆ ಮಾಡಲು ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಕನ್ನಡ ಹಾಡು ಕೇಳುವವರು ಇರುವ ಐದಾರು ಆ್ಯಪ್‌ಗಳಿಗೆ ಹೆಚ್ಚುಕಡಿಮೆ ಎಲ್ಲರೂ ಕಳಿಸುತ್ತಾರೆ. ಉಳಿದ ನೂರಾ ನಲವತ್ತರ ಹೆಸರು ನಮ್ಮ ಕೇಳುಗರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿರುವವೂ ಉಳಿಯುತ್ತವೆ ಎಂಬ ಭರವಸೆ ಇಲ್ಲ: 2024ರಲ್ಲಿ ರೆಸ್ಸೋ ಭಾರತದಲ್ಲಿ ನಿಂತಿತು, ಅದೇ ವರ್ಷ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಮುಚ್ಚಿತು. ಇನ್ನು ನೂರಕ್ಕೆ ನೂರು ಎಂಬುದು ಚಂದಾ ಕಟ್ಟಿಸಿಕೊಂಡ ಮೇಲಿನ ಮಾತು.

ಹಾಗಾದರೆ ಏನು ನೋಡಬೇಕು?

ಮೊದಲನೆಯದು ಮತ್ತು ಬಹಳ ಮುಖ್ಯವಾದದ್ದು: ದುಡ್ಡು ಕಟ್ಟದ ವರ್ಷ ಹಾಡಿನ ಗತಿ ಏನು? ಕೆಲವು ಸೇವೆಗಳಲ್ಲಿ ಚಂದಾ ತಪ್ಪಿದರೆ ಹಾಡು ಎಲ್ಲ ಕಡೆಯಿಂದ ಇಳಿಯುತ್ತದೆ. ಕೆಲವದರಲ್ಲಿ ಒಮ್ಮೆ ಏರಿದ್ದು ಏರಿದ್ದೇ. ಎರಡನೆಯದು, ಖಾತೆ ಯಾರ ಹೆಸರಲ್ಲಿದೆ, ಬಿಟ್ಟು ಹೋಗಬೇಕೆಂದರೆ ಎಷ್ಟು ದಿನದ ನೋಟಿಸು ಕೊಡಬೇಕು ಎಂಬುದು. ಮೂರನೆಯದು ಒಟ್ಟು ಖರ್ಚು. ಶುಲ್ಕ, ಕಮಿಷನ್ನು, ಮೇಲಿನ ಪ್ರತಿ ಸೌಲಭ್ಯದ ರೊಕ್ಕ, ಎಲ್ಲ ಕೂಡಿಸಿ. ನಾಲ್ಕನೆಯದು ರೊಕ್ಕ ಕೈಗೆ ಬರುವ ದಾರಿ: ಕನಿಷ್ಠ ಎಷ್ಟು ತುಂಬಬೇಕು, ಬ್ಯಾಂಕಿಗೆ ನೇರವಾಗಿ ಬರುತ್ತದೆಯೋ ಪೇಪ್ಯಾಲ್, ಪೇಓನಿಯರ್‌ನಂಥ ಹೊರದೇಶದ ಪಾವತಿ ಸೇವೆಗಳ ಮೂಲಕವೋ. ಜಾನಪದ ಹಾಡುವವರಿಗೆ ಐದನೆಯದೂ ಒಂದಿದೆ, ಕಾಲರ್ ಟ್ಯೂನ್. ನಮ್ಮ ಹಳ್ಳಿಗಳಲ್ಲಿ ಸ್ಪಾಟಿಫೈ ಇಲ್ಲದ ಫೋನುಗಳಲ್ಲೂ ಕಾಲರ್ ಟ್ಯೂನ್ ಇರುತ್ತದೆ.

ವರ್ಷದ ಚಂದಾ: ಡಿಸ್ಟ್ರೋಕಿಡ್, ಟ್ಯೂನ್‌ಕೋರ್

ವರ್ಷಕ್ಕೊಮ್ಮೆ ಚಂದಾ ಕಟ್ಟಿ ಎಷ್ಟು ಬೇಕಾದರೂ ಹಾಡು ಹಾಕುವುದು ಇವುಗಳ ಪದ್ಧತಿ. ಸ್ಟ್ರೀಮಿಂಗ್ ಗಳಿಕೆಯಲ್ಲಿ ಪಾಲು ಕೇಳುವುದಿಲ್ಲ. ತಿಂಗಳಿಗೆ ಎರಡು-ಮೂರು ಹಾಡು ಬಿಟ್ಟು, ಚೆನ್ನಾಗಿ ಗಳಿಸುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಹಾಡು ಬರೆದವರು, ಹಾಡಿದವರು, ಕೀಬೋರ್ಡ್ ನುಡಿಸಿದವರು ಎಂದು ಗಳಿಕೆಯನ್ನು ಶೇಕಡಾವಾರು ಹಂಚಿ ಪ್ರತಿಯೊಬ್ಬರ ಖಾತೆಗೆ ಬೇರೆ ಬೇರೆ ಕಳಿಸುವ ಸ್ಪ್ಲಿಟ್ ವ್ಯವಸ್ಥೆಯೂ ಎರಡರಲ್ಲಿ ಇದೆ. ಸವಾಲ್-ಜವಾಬಿನ ಹಾಡಿನಲ್ಲಿ ಇಬ್ಬರು ಮುಖ್ಯ ಗಾಯಕರಿರುತ್ತಾರೆ. ಅಂಥಲ್ಲಿ ಇದು ಮುಂದಿನ ಎಷ್ಟೋ ಜಗಳ ತಪ್ಪಿಸುತ್ತದೆ.

ತೊಡಕು ಇರುವುದು ಚಂದಾ ನಿಂತ ದಿನ. ಎರಡರಲ್ಲೂ ಚಂದಾ ನವೀಕರಿಸದಿದ್ದರೆ ಹಾಡುಗಳನ್ನು ಇಳಿಸುವ ಷರತ್ತಿದೆ. ಡಿಸ್ಟ್ರೋಕಿಡ್‌ನಲ್ಲಿ "ಲೀವ್ ಎ ಲೆಗಸಿ" ಎಂಬ ಹೆಚ್ಚುವರಿ ಶುಲ್ಕವನ್ನು ಪ್ರತಿ ಬಿಡುಗಡೆಗೆ ಒಮ್ಮೆ ಕಟ್ಟಿದರೆ ಚಂದಾ ನಿಂತರೂ ಹಾಡು ಉಳಿಯುತ್ತದೆ. ಹತ್ತು ಸಿಂಗಲ್ (ಒಂಟಿಯಾಗಿ ಬಿಡುಗಡೆಯಾದ ಹಾಡು) ಇದ್ದರೆ ಹತ್ತು ಸಲ ಕಟ್ಟಬೇಕು. ಅಲ್ಲಿಗೆ ಅಗ್ಗ ಎಂಬ ಮಾತು ಮುಗಿಯಿತು.

ಚಂದಾ ಮರೆತು ತಪ್ಪುವುದಕ್ಕಿಂತ ಕಾರ್ಡಿನಿಂದ ತಪ್ಪುವುದು ಹೆಚ್ಚು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮೊದಲೇ ಕೊಡುವ ಒಪ್ಪಿಗೆ) ನಿಯಮ ಬಂದ ಮೇಲೆ, ನೋಂದಣಿಯಾಗದ ಆಟೋ-ಡೆಬಿಟ್ಟನ್ನು ನಮ್ಮ ಬ್ಯಾಂಕುಗಳು ತಿರಸ್ಕರಿಸುತ್ತವೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರದ ಸ್ವಿಚ್ಚು ಆಫ್ ಇದ್ದರೂ ಅಷ್ಟೇ. ಜನಧನ್ ಖಾತೆಯ ರುಪೇ ಡೆಬಿಟ್ ಕಾರ್ಡು ಹೊರದೇಶದ ಸೈಟುಗಳಲ್ಲಿ ಸಾಮಾನ್ಯವಾಗಿ ನಡೆಯುವುದೇ ಇಲ್ಲ. ಆದ್ದರಿಂದ ನವೀಕರಣದ ತಾರೀಖಿಗೆ ಹದಿನೈದು ದಿನ ಮೊದಲೇ ಫೋನಿನಲ್ಲಿ ಅಲಾರಂ ಇಟ್ಟು ಕೈಯಾರೆ ಕಟ್ಟುವುದು ವಾಸಿ. ರೂಪಾಯಿಯಲ್ಲಿ ಬಿಲ್ ಮಾಡುವ ಸೇವೆ ಸಿಕ್ಕರೆ ಈ ತಲೆನೋವು ಅರ್ಧ ಇಳಿಯುತ್ತದೆ. ಟ್ಯೂನ್‌ಕೋರ್ 2020ರಿಂದ ಭಾರತದಲ್ಲಿ ತನ್ನದೇ ಶಾಖೆ ನಡೆಸುತ್ತಿದೆ, ಚಂದಾ ದರವೂ ರೂಪಾಯಿಯಲ್ಲಿದೆ.

ಎಲ್ಲಕ್ಕಿಂತ ಕಡಿಮೆ ದರದ ಪ್ಲಾನು ತಗೊಳ್ಳುವಾಗ ಏನಿಲ್ಲ ಎಂಬುದನ್ನು ಓದಿ. ಡಿಸ್ಟ್ರೋಕಿಡ್‌ನ ಮೊದಲ ಹಂತದ ಪ್ಲಾನಿನಲ್ಲಿ ಬಿಡುಗಡೆ ದಿನಾಂಕವನ್ನು ನೀವು ಗೊತ್ತುಮಾಡಲು ಬರುವುದಿಲ್ಲ. ಬಸವ ಜಯಂತಿಗೋ ಜಾತ್ರೆಗೋ ಸರಿಯಾಗಿ ಹಾಡು ಬರಬೇಕೆನ್ನುವವರಿಗೆ ಅದು ಸಾಲದು. ಬೇರೆಯವರ ವಿಡಿಯೋಗಳಲ್ಲಿ ನಿಮ್ಮ ಹಾಡನ್ನು ಗುರುತಿಸಿ ಗಳಿಕೆ ನಿಮಗೆ ತರುವ ಯೂಟ್ಯೂಬ್ ಕಂಟೆಂಟ್ ಐಡಿಗೆ ಅಲ್ಲಿ ಬೇರೆ ವಾರ್ಷಿಕ ಶುಲ್ಕ, ಜೊತೆಗೆ ಆ ಗಳಿಕೆಯಲ್ಲಿ 20% ಪಾಲು. ನೂರಕ್ಕೆ ನೂರು ಎಂಬ ಜಾಹೀರಾತಿನ ಅಡಿಯಲ್ಲಿ ಸಣ್ಣ ಅಕ್ಷರ ಇರುವುದು ಇಂಥ ಕಡೆ.

ಒಮ್ಮೆ ಕಟ್ಟಿ ಬಿಡುವುದು: ಸಿಡಿ ಬೇಬಿ

1998ರಲ್ಲಿ ಸಿಡಿ ಮಾರಲೆಂದೇ ಶುರುವಾದ ಸಂಸ್ಥೆ ಇದು. ಈಗ ಉಳಿದಿರುವುದು ಡಿಜಿಟಲ್ ವಿತರಣೆ. ಪ್ರತಿ ಬಿಡುಗಡೆಗೆ ಒಮ್ಮೆ ಶುಲ್ಕ, ಆಮೇಲೆ ಗಳಿಕೆಯಲ್ಲಿ 9% ಕಮಿಷನ್. ವರ್ಷದ ಚಂದಾ ಇಲ್ಲ, ಹಾಡು ಇಳಿಯುವ ಭಯವೂ ಇಲ್ಲ. ಯೂಟ್ಯೂಬ್, ರೀಲ್ಸ್‌ನಂಥ ಕಡೆ ಬೇರೆಯವರ ವಿಡಿಯೋಗಳಿಂದ ಬರುವ ಗಳಿಕೆಯಲ್ಲಿ ಮಾತ್ರ ಇವರ ಪಾಲು 30%. ಜನ ಅದನ್ನು ಗಮನಿಸುವುದು ಕಡಿಮೆ.

ಹಿಂದೂಸ್ತಾನಿ ಹಾಡುವವರಿಗೆ, ವರ್ಷಕ್ಕೊಂದು ಆಲ್ಬಮ್ ತರುವ ವಚನ ಗಾಯಕರಿಗೆ ಹೊಂದುವ ಲೆಕ್ಕ ಇದು. ಶಾಸ್ತ್ರೀಯ ಧ್ವನಿಮುದ್ರಿಕೆ ಮೊದಲ ತಿಂಗಳಲ್ಲಿ ಓಡಿ ನಿಲ್ಲುವಂಥದ್ದಲ್ಲ. ಹತ್ತು ವರ್ಷ ನಿಧಾನವಾಗಿ ಕೇಳಿಸಿಕೊಳ್ಳುತ್ತಾ ಹೋಗುತ್ತದೆ. ಅಂಥ ಸರಕನ್ನು ವರ್ಷವರ್ಷ ಬಾಡಿಗೆ ಕಟ್ಟುವ ಮನೆಯಲ್ಲಿ ಇಡುವುದರಲ್ಲಿ ಅರ್ಥವಿಲ್ಲ. ತಿಂಗಳಿಗೊಂದು ಸಿಂಗಲ್ ಬಿಡುವವರಿಗೆ ಇದೇ ಪದ್ಧತಿ ದುಬಾರಿ. ವರ್ಷಕ್ಕೆ ಹನ್ನೆರಡು ಸಲ ಶುಲ್ಕ ಬೀಳುತ್ತದೆ.

ಉಚಿತ, ಆದರೆ ಪಾಲು: ರೂಟ್‌ನೋಟ್

ಬ್ರಿಟನ್ನಿನ ರೂಟ್‌ನೋಟ್‌ನ ಉಚಿತ ಪದ್ಧತಿಯಲ್ಲಿ ಹಾಕುವಾಗ ಏನೂ ಕಟ್ಟಬೇಕಿಲ್ಲ, ಗಳಿಕೆಯಲ್ಲಿ 15% ಅವರದು, 85% ನಿಮ್ಮದು. ಹಾಡು ಬೆಳೆದ ಮೇಲೆ ಚಂದಾ ಕಟ್ಟಿ ಪೂರ್ತಿ ಗಳಿಕೆ ಪಡೆಯುವ ಪ್ರೀಮಿಯಂಗೆ ಬದಲಿಸಬಹುದು. "ಉಚಿತ ಅಂದರ ಏನೋ ಮೋಸ ಇರತದ" ಎಂಬ ಅನುಮಾನ ಸಹಜ. ಲೆಕ್ಕ ಹಾಕಿ ನೋಡೋಣ.

ವರ್ಷದ ಚಂದಾ 2,000 ರೂಪಾಯಿ ಎಂದು ಹಿಡಿಯಿರಿ. ಅದು 13,333 ರೂಪಾಯಿಯ 15%. ಅಂದರೆ ವರ್ಷದ ಗಳಿಕೆ ಹದಿಮೂರು ಸಾವಿರ ದಾಟದವರಿಗೆ ಪಾಲು ಕೊಡುವುದೇ ಲಾಭ, ಚಂದಾ ನಷ್ಟ. ಒಂದು ಸ್ಟ್ರೀಮಿಗೆ, ಅಂದರೆ ಆ್ಯಪಿನಲ್ಲಿ ಹಾಡು ಒಮ್ಮೆ ಕೇಳಿದ್ದಕ್ಕೆ, ಇಂತಿಷ್ಟು ಎಂಬ ನಿಗದಿ ದರ ಎಲ್ಲೂ ಇಲ್ಲ. ಕೇಳುಗ ಯಾವ ದೇಶದವನು, ರೊಕ್ಕ ಕಟ್ಟಿ ಕೇಳುವವನೋ ಜಾಹೀರಾತಿನ ಜೊತೆ ಕೇಳುವವನೋ ಎಂಬುದರ ಮೇಲೆ ಬದಲಾಗುತ್ತದೆ. ಸುಮ್ಮನೆ ಲೆಕ್ಕಕ್ಕೆ 5 ಪೈಸೆ ಎಂದುಕೊಂಡರೂ ಹದಿಮೂರು ಸಾವಿರಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಸ್ಟ್ರೀಮ್ ಬೇಕು. ಮೊದಲ ಆಲ್ಬಮ್ಮಿನ ಭಜನಾ ಮಂಡಳಿಗೆ ಅದು ದೂರದ ಮಾತು. ಅದರ ಮೇಲೆ 2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಕೊಡುವುದಿಲ್ಲ.

ಉಚಿತದ ಕೊರತೆ ಬೇರೆ ಕಡೆ ಇದೆ. ಗಳಿಕೆ 50 ಡಾಲರ್ ತುಂಬುವ ತನಕ ರೂಟ್‌ನೋಟ್ ರೊಕ್ಕ ಬಿಡುವುದಿಲ್ಲ. ಮೇಲಿನ ಅದೇ 5 ಪೈಸೆ ಲೆಕ್ಕದಲ್ಲಿ ಅದಕ್ಕೆ ಸುಮಾರು ಒಂದು ಲಕ್ಷ ಸ್ಟ್ರೀಮ್ ಆಗಬೇಕು. ಪರಿಶೀಲನೆಯೂ ನಿಧಾನ, ಹಬ್ಬಕ್ಕೆ ಸರಿಯಾಗಿ ಬರಬೇಕೆಂದರೆ ತಿಂಗಳ ಮೊದಲೇ ಹಾಕಬೇಕು.

ಊರಿನ ಆಡಿಯೋ ಕಂಪನಿ, ಇಲ್ಲವೇ ಸ್ಟುಡಿಯೋದವರ ಖಾತೆ

ನಮ್ಮ ಭಾಗದಲ್ಲಿ ಹೆಚ್ಚು ಹಾಡು ಹೋಗುವುದು ಈ ದಾರಿಯಲ್ಲೇ. ಎರಡು ತರಹ ಇದೆ. ಕಂಪನಿ ಇಲ್ಲವೇ ದೊಡ್ಡ ಯೂಟ್ಯೂಬ್ ಚಾನೆಲ್ ಒಂದೇ ಸಲಕ್ಕೆ ರೊಕ್ಕ ಕೊಟ್ಟು ಹಾಡಿನ ಹಕ್ಕು ಬರೆಸಿಕೊಳ್ಳುವುದು ಒಂದು. ರೆಕಾರ್ಡಿಂಗ್ ಮಾಡಿದ ಸ್ಟುಡಿಯೋದವರೇ "ನಾವ ಹಾಕಿ ಕೊಡ್ತೇವಿ ಬಿಡ್ರಿ" ಎಂದು ತಮ್ಮ ಖಾತೆಯಿಂದ ಏರಿಸುವುದು ಇನ್ನೊಂದು.

ಮೊದಲನೆಯದು ಕೆಟ್ಟದ್ದಲ್ಲ. ವಿಡಿಯೋ ಶೂಟಿಂಗಿನ ಖರ್ಚು ಅವರು ಹಾಕುತ್ತಾರೆ, ಲಕ್ಷಾಂತರ ಚಂದಾದಾರರಿರುವ ಚಾನೆಲ್‌ನಲ್ಲಿ ಹಾಡು ಬರುತ್ತದೆ, ಅದರಿಂದ ಜಾತ್ರೆ-ಉರುಸಿನ ಕಾರ್ಯಕ್ರಮಗಳಿಗೆ ಕರೆ ಬರುತ್ತವೆ. ವೇದಿಕೆಯೇ ಮುಖ್ಯ ಸಂಪಾದನೆ ಆದವರಿಗೆ ಒಪ್ಪುವ ವ್ಯವಹಾರ. ಆದರೆ ಬಾಯಿಮಾತಿನಲ್ಲಿ ಮುಗಿಸಬೇಡಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ತಿಳಿಯುತ್ತದೆ. ಅದಕ್ಕೇ ಕಂಪನಿಗಳ ಮುದ್ರಿತ ಕರಾರಿನಲ್ಲಿ "ಶಾಶ್ವತವಾಗಿ, ಇಡೀ ಜಗತ್ತಿಗೆ" ಎಂದು ಮೊದಲೇ ಅಚ್ಚಾಗಿರುತ್ತದೆ. ಆ ಎರಡು ಪದ ಹೊಡೆದು "ಐದು ವರ್ಷ, ವಿಡಿಯೋ ಮಾತ್ರ" ಎಂದು ಬರೆಸಿಕೊಳ್ಳಲು ಬಂದರೆ ಆಡಿಯೋ ವಿತರಣೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಒಪ್ಪುವ ಕಂಪನಿಗಳು ಇವೆ, ಕೇಳುವವರು ಕಡಿಮೆ.

ಎರಡನೆಯದನ್ನು ಒಪ್ಪಲೇಬೇಡಿ. ಸ್ಟುಡಿಯೋ ಖಾತೆಯಿಂದ ಏರಿದ ಹಾಡಿನ ಗಳಿಕೆಯ ವರದಿ ನಿಮಗೆ ಕಾಣುವುದಿಲ್ಲ. ಅವರ ಚಂದಾ ನಿಂತರೆ ನಿಮ್ಮ ಹಾಡು ಇಳಿಯುತ್ತದೆ. ಅದೇ ಖಾತೆಯಿಂದ ಏರಿದ ಬೇರೆ ಯಾರದೋ ಹಾಡಿಗೆ ಕಾಪಿರೈಟ್ ತಕರಾರು ಬಂದು ಖಾತೆ ಬಂದ್ ಆದರೆ ನಿಮ್ಮದೂ ಅದರೊಳಗೇ ಸಿಕ್ಕಿಬೀಳುತ್ತದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಿ, ರೆಕಾರ್ಡಿಂಗಿನ ಹೊಣೆ ಹೊತ್ತವರು ನೀವಾದರೆ ಕಾನೂನಿನ ಕಣ್ಣಿಗೆ ನಿರ್ಮಾಪಕರು ನೀವೇ. ರೊಕ್ಕ ಕೊಟ್ಟ ರಸೀದಿ, "ಮಾಸ್ಟರ್ ಹಕ್ಕು (ಮೂಲ ರೆಕಾರ್ಡಿಂಗಿನ ಹಕ್ಕು) ಇಂಥವರದು" ಎಂಬ ಎರಡು ಸಾಲಿನ ಪತ್ರ, ಮಿಕ್ಸ್ ಆದ ವೇವ್ ಫೈಲು (ಧ್ವನಿ ಕುಗ್ಗಿಸದ ಪೂರ್ತಿ ಫೈಲು), ಮೂರನ್ನೂ ಅಂದೇ ಇಸಿದುಕೊಳ್ಳಿ.

ಕಾಲರ್ ಟ್ಯೂನ್ ವಿಷಯದಲ್ಲಿ ಮಾತ್ರ ಇಲ್ಲಿಯ ಕಂಪನಿಗಳು, ಭಾರತದ ಡಿಸ್ಟ್ರಿಬ್ಯೂಟರುಗಳು ಮುಂದೆ. ಟೆಲಿಕಾಂ ಕಂಪನಿಗಳೊಂದಿಗೆ ಬೇರೆ ಕರಾರು ಬೇಕಾಗುವುದರಿಂದ ಹೊರದೇಶದ ಸೇವೆಗಳಲ್ಲಿ ಇದು ಎಲ್ಲರಿಗೂ ಸಿಗುವಂಥದ್ದಲ್ಲ. ಸೇರುವ ಮೊದಲು "ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್, ನಾಲ್ಕಕ್ಕೂ ಕಳಿಸುತ್ತೀರಾ? ಅದರಲ್ಲಿ ನನ್ನ ಪಾಲೆಷ್ಟು?" ಎಂದು ಮೇಲ್‌ನಲ್ಲೇ ಕೇಳಿ, ಉತ್ತರ ಕಾದಿಡಿ.

ಹಕ್ಕಿನ ಗಂಟು

ಯಾವ ಸೇವೆ ಆರಿಸಿದರೂ ನಮ್ಮ ಕಡೆಯ ಹಾಡುಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲಿ. ಏರಿಸುವಾಗ "ಈ ಹಾಡಿನ ಎಲ್ಲ ಹಕ್ಕೂ ನನ್ನವು" ಎಂದು ಟಿಕ್ ಮಾಡುತ್ತೀರಿ. ಅದು ನಿಜವೇ?

ವಚನ, ಶಿಶುನಾಳ ಶರೀಫರ ತತ್ವಪದ, ಕನಕದಾಸರ ಕೀರ್ತನೆಗಳ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಶರೀಫರು ತೀರಿಕೊಂಡದ್ದು 1889ರಲ್ಲಿ. ಆದರೆ ಅದೇ ಪದವನ್ನು ಸಿ. ಅಶ್ವಥ್ ಅವರ ರಾಗಸಂಯೋಜನೆಯಲ್ಲಿ ಹಾಡಿದರೆ ಲೆಕ್ಕ ಬೇರೆ. ಅವರು ತೀರಿಕೊಂಡದ್ದು 2009ರಲ್ಲಿ, ಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕಿದೆ. ಧಾರವಾಡದಲ್ಲಿ ಬೇಂದ್ರೆ ಕವಿತೆಗೆ ರಾಗ ಹಾಕದ ಹುಡುಗರು ಕಡಿಮೆ, ಅನುಮತಿ ಕೇಳಿದವರು ಇನ್ನೂ ಕಡಿಮೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದದ್ದು 2010ರಲ್ಲಿ, ಅವರ ಸ್ವಂತ ರಚನೆಗಳು 2070ರ ಕೊನೆಯವರೆಗೆ ರಕ್ಷಿತ. ಗುರುಗಳಿಂದ ಕಲಿತದ್ದು ಎಂಬುದು ವಿತರಣೆಯ ಹಕ್ಕಾಗುವುದಿಲ್ಲ. ಪರಂಪರೆಯಿಂದ ಬಂದ ಹಳೆಯ ಬಂದಿಶ್‌ಗಳಿಗೆ ಈ ತೊಂದರೆ ಇಲ್ಲ. ಆಕಾಶವಾಣಿ ಧಾರವಾಡದಲ್ಲಿ ಹಾಡಿದ ರೆಕಾರ್ಡಿಂಗನ್ನು ತಂದು ಏರಿಸುವುದೂ ಸಲ್ಲದು. ಧ್ವನಿ ನಿಮ್ಮದಾದರೂ ಮುದ್ರಿಕೆ ಅವರದು.

ಇನ್ನೊಂದು ಗಂಟು ತಾಳದ ಟ್ರ್ಯಾಕಿನದು. ಕೀಬೋರ್ಡಿನ ಸಿದ್ಧ ಲೂಪು, ಇಂಟರ್ನೆಟ್ಟಿನಿಂದ ಕೊಂಡ ಬೀಟು, ತಾನ್ಪೂರ ಆ್ಯಪಿನ ಶ್ರುತಿ: ಇವನ್ನೇ ನೂರು ಜನ ಬಳಸಿರುತ್ತಾರೆ. ನೀವು ಕಂಟೆಂಟ್ ಐಡಿ ಆನ್ ಮಾಡಿದರೆ ಅದೇ ಲೂಪು ಬಳಸಿದ ಬೇರೆಯವರ ವಿಡಿಯೋಗೆ ನಿಮ್ಮ ಹೆಸರಲ್ಲಿ ಕ್ಲೇಮ್ (ಇದು ನಮ್ಮದೆಂಬ ದಾವೆ) ಬೀಳುತ್ತದೆ, ಅವರು ತಕರಾರು ಹೂಡುತ್ತಾರೆ, ತಪ್ಪು ಕ್ಲೇಮು ಹೆಚ್ಚಾದರೆ ಡಿಸ್ಟ್ರಿಬ್ಯೂಟರ್ ಆ ಸೌಲಭ್ಯವನ್ನೇ ಕಿತ್ತುಕೊಳ್ಳುತ್ತಾನೆ. ಹಾರ್ಮೋನಿಯಂ, ತಬಲಾ, ದಿಮ್ಮಡಿ, ತಾಳ ಎಲ್ಲ ನುಡಿಸಿ ಮುದ್ರಿಸಿದ ಹಾಡಿಗೆ ಮಾತ್ರ ಕಂಟೆಂಟ್ ಐಡಿ ಹಾಕಿ. ಹಾಕಿದ ಮೇಲೆ ನಿಮ್ಮ ಸ್ವಂತ ಯೂಟ್ಯೂಬ್ ಚಾನೆಲ್ಲನ್ನು ಕ್ಲೇಮ್ ಬೀಳದ ಚಾನೆಲ್ಲುಗಳ ವೈಟ್‌ಲಿಸ್ಟ್‌ಗೆ ಸೇರಿಸಿ. ಇಲ್ಲದಿದ್ದರೆ ನಿಮ್ಮ ವಿಡಿಯೋಗೆ ನಿಮ್ಮದೇ ಕ್ಲೇಮ್ ಬಂದು ಜಾಹೀರಾತಿನ ಗಳಿಕೆ ಸುತ್ತಿ ಬಳಸಿ, ಕಮಿಷನ್ ಕಳೆದು ಬರುತ್ತದೆ.

ತಿರಸ್ಕಾರವಾಗುವುದು ಯಾತಕ್ಕೆ

ಫೋಟೋ ತುಂಬಿದ, ಕೆಳಗೆ ಮೊಬೈಲ್ ನಂಬರು, ಮೇಲೆ ಸ್ಟುಡಿಯೋ ವಿಳಾಸ ಇರುವ ಕವರು ಕ್ಯಾಸೆಟ್ ಕಾಲದಿಂದ ನಮಗೆ ರೂಢಿ. ಇಲ್ಲಿ ಅದು ನಡೆಯುವುದಿಲ್ಲ. ಕವರ್ ಚೌಕಾಕಾರ ಇರಬೇಕು, 3000×3000 ಪಿಕ್ಸೆಲ್ ಇಟ್ಟರೆ ಎಲ್ಲ ಕಡೆ ಸಲ್ಲುತ್ತದೆ. ಫೋನ್ ನಂಬರು, ವೆಬ್ ವಿಳಾಸ, ಬೆಲೆ, ಯೂಟ್ಯೂಬ್ ಅಥವಾ ಇನ್‌ಸ್ಟಾಗ್ರಾಮ್ ಲೋಗೋ ಯಾವುದೂ ಇರಕೂಡದು. ಕವರಿನ ಮೇಲಿನ ಹೆಸರು, ಫಾರಂನಲ್ಲಿ ತುಂಬಿದ ಹೆಸರು ಒಂದೇ ಇರಬೇಕು.

ಯೂಟ್ಯೂಬಿಗೆ ಹಾಕುವಂತೆ "ಸೂಪರ್ ಹಿಟ್ ಉತ್ತರ ಕರ್ನಾಟಕ ಜಾನಪದ ಡಿಜೆ ಸಾಂಗ್" ಎಂದು ಶೀರ್ಷಿಕೆ ಕೊಟ್ಟರೂ ವಾಪಸು ಬರುತ್ತದೆ. ಶೀರ್ಷಿಕೆಯಲ್ಲಿ ಹಾಡಿನ ಹೆಸರಷ್ಟೇ. ಭಾಷೆ ಕನ್ನಡ ಎಂದೇ ಆರಿಸಿ. ಗಾಯಕರ ಹೆಸರಿನ ಇಂಗ್ಲಿಷ್ ಕಾಗುಣಿತ ಮೊದಲ ಹಾಡಿಗೇ ಗಟ್ಟಿ ಮಾಡಿ ಬರೆದಿಡಿ. ಒಂದು ಹಾಡಿಗೆ ಎರಡು "ಎ", ಇನ್ನೊಂದಕ್ಕೆ ಒಂದೇ "ಎ" ಹಾಕಿದರೆ ಆ್ಯಪ್‌ಗಳಲ್ಲಿ ಇಬ್ಬರು ಗಾಯಕರಾಗಿ ಕಾಣುತ್ತೀರಿ. ಬಸವರಾಜ, ಮಂಜುನಾಥ ಎಂಬ ಹೆಸರಿನವರ ಹಾಡು ಬೇರೆ ಯಾವನೋ ಮಂಜುನಾಥನ ಪುಟಕ್ಕೆ ಹೋಗಿ ಕೂರುವುದು ದಿನಾ ನಡೆಯುವ ತೊಂದರೆ. ಏರಿಸುವಾಗ "ಈ ಹೆಸರಿನಲ್ಲಿ ಮೊದಲೇ ಪುಟ ಇದೆಯೇ?" ಎಂದು ಕೇಳಿದಲ್ಲಿ ನಿಮ್ಮ ಪುಟದ ಲಿಂಕನ್ನೇ ಕೊಡಿ, ಹೊಸಬರಾದರೆ ಹೊಸ ಪುಟ ಎಂದೇ ಆರಿಸಿ. ಹೆಸರಿನ ಮುಂದೆ ಊರಿನ ಹೆಸರು ಸೇರಿಸುವ ನಮ್ಮ ಹಳೆಯ ಪದ್ಧತಿ ಇಲ್ಲಿ ಬಲು ಉಪಯೋಗಿ.

ಫೈಲು 44.1 ಕಿಲೋಹರ್ಟ್ಸ್, 16 ಅಥವಾ 24 ಬಿಟ್ಟಿನ ವೇವ್ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಂಪಿ3ಯನ್ನು ವೇವ್‌ಗೆ ಬದಲಿಸಿದರೆ ಕಳೆದುಹೋದ ಧ್ವನಿ ತಿರುಗಿ ಬರುವುದಿಲ್ಲ. ಡೊಳ್ಳು, ಆಕ್ಟೋಪ್ಯಾಡ್ ಇರುವ ಹಾಡಿನಲ್ಲಿ ಶಿಖರ ಮಟ್ಟ ಮೈನಸ್ 1 ಡೆಸಿಬಲ್ ದಾಟದಂತೆ ಮಾಸ್ಟರ್ ಮಾಡಿಸಿ, ಇಲ್ಲದಿದ್ದರೆ ಆ್ಯಪಿನ ಕಂಪ್ರೆಷನ್ನಿನಲ್ಲಿ ಒಡೆಯುತ್ತದೆ. ಖಯಾಲು ಹಾಡುವವರು ಬಡಾ ಖಯಾಲ್, ಛೋಟಾ ಖಯಾಲ್‌ಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡುವುದು ಲೇಸು. ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್. ನಲವತ್ತು ನಿಮಿಷ ಕೇಳಿದರೂ ಅದು ಒಂದೇ.

ಬಿಡುಗಡೆಯ ದಿನಕ್ಕೆ ಮೂರರಿಂದ ನಾಲ್ಕು ವಾರ ಮೊದಲು ಏರಿಸಿ. ಸ್ಪಾಟಿಫೈನ ಸಂಪಾದಕರಿಗೆ ಪ್ಲೇಲಿಸ್ಟಿಗಾಗಿ ಹಾಡು ತೋರಿಸಬೇಕೆಂದರೆ ಕನಿಷ್ಠ 7 ದಿನ ಮೊದಲು "ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್" ಖಾತೆಯಿಂದ ಕಳಿಸಬೇಕು. ಬಿಡುಗಡೆಯಾದ ಮೇಲೆ ಕಳಿಸಲು ಬರುವುದೇ ಇಲ್ಲ. "ಸಾವಿರ ರೂಪಾಯಿಗೆ ಲಕ್ಷ ಸ್ಟ್ರೀಮ್" ಎಂದು ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜು ಮಾಡುವವರ ಕಡೆ ತಿರುಗಿಯೂ ನೋಡಬೇಡಿ. ನಕಲಿ ಸ್ಟ್ರೀಮ್ ಸಿಕ್ಕಿಬಿದ್ದ ಹಾಡಿಗೆ ಸ್ಪಾಟಿಫೈ 2024ರಿಂದ ಡಿಸ್ಟ್ರಿಬ್ಯೂಟರಿಗೆ ದಂಡ ಹಾಕುತ್ತದೆ, ಅದು ನಿಮ್ಮ ಲೆಕ್ಕಕ್ಕೆ ಬರಬಹುದು, ಹಾಡೂ ಇಳಿಯಬಹುದು.

ರೊಕ್ಕ, ತೆರಿಗೆ, ಬಿಟ್ಟುಹೋಗುವ ಪಾಲು

ಅಮೆರಿಕದ ಸೇವೆಯಾದರೆ ಡಬ್ಲ್ಯು-8ಬಿಇಎನ್ ಎಂಬ ತೆರಿಗೆ ಫಾರಂ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಪ್ಯಾನ್ ನಂಬರು ಕೊಟ್ಟು, ಭಾರತ-ಅಮೆರಿಕ ಒಪ್ಪಂದದ ಲಾಭ ಬೇಕೆಂದು ನಮೂದಿಸಿದರೆ ಅಲ್ಲಿಯ ಕೇಳುಗರಿಂದ ಬಂದ ರಾಯಲ್ಟಿಗೆ 15% ಕಡಿತ, ಇಲ್ಲದಿದ್ದರೆ 30%. ಭಾರತದ ಕಂಪನಿ ರಾಯಲ್ಟಿ ಕೊಡುವಾಗ ಮಿತಿ ದಾಟಿದರೆ 10% ಟಿಡಿಎಸ್ ಹಿಡಿಯುತ್ತದೆ, ಪ್ಯಾನ್ ಇಲ್ಲದವರಿಗೆ 20%. ಬ್ಯಾಂಕ್ ಖಾತೆ, ಪ್ಯಾನ್, ಡಿಸ್ಟ್ರಿಬ್ಯೂಟರ್ ಖಾತೆ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ ಅಡ್ಡಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಇದ್ದರೆ ಪಾವತಿ ನಿಲ್ಲುತ್ತದೆ.

ಡಿಸ್ಟ್ರಿಬ್ಯೂಟರ್ ತರುವುದು ರೆಕಾರ್ಡಿಂಗಿನ ಪಾಲು ಮಾತ್ರ. ಸಾಹಿತ್ಯ ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ ಎಂಬ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಯ ಸದಸ್ಯರಾಗಿ ಪ್ರತಿ ಹಾಡನ್ನೂ ಅಲ್ಲಿ ನೋಂದಾಯಿಸಿದರೆ ಅವರ ಪಾಲು ಬೇರೆಯಾಗಿ ಬರುತ್ತದೆ. ಹಾಡುಗಾರರ, ವಾದಕರ ಹಕ್ಕಿಗೆ ಇಸಾಮ್ರಾ ಎಂಬ ಸಂಸ್ಥೆ ಇದೆ. ನಮ್ಮ ಭಾಗದ ಪದ ಕಟ್ಟುವವರಲ್ಲಿ ಇವನ್ನು ಮಾಡಿಸಿದವರು ವಿರಳ.

ಯಾರಿಗೆ ಯಾವುದು

ಮೊದಲ ಹಾಡು, ಕೈಯಲ್ಲಿ ರೊಕ್ಕವಿಲ್ಲ, ಎಷ್ಟು ಓಡುತ್ತದೋ ತಿಳಿಯದು ಎಂಬ ಮಂಡಳಿ ಅಥವಾ ಕಾಲೇಜು ಬ್ಯಾಂಡು ಉಚಿತದಲ್ಲಿ ಶುರುಮಾಡಲಿ. ವಚನ, ಹಿಂದೂಸ್ತಾನಿ, ವರ್ಷಕ್ಕೊಂದು ಕೆಲಸ ಮಾಡುವವರಿಗೆ ಒಮ್ಮೆ ಕಟ್ಟುವ ಪದ್ಧತಿ. ತಿಂಗಳಿಗೆ ಒಂದಕ್ಕಿಂತ ಹೆಚ್ಚು ಹಾಡು, ವರ್ಷಕ್ಕೆ ಹದಿನೈದು ಸಾವಿರಕ್ಕೂ ಮೇಲೆ ಗಳಿಕೆ, ಚಂದಾ ನೆನಪಿಟ್ಟು ಕಟ್ಟುವ ಶಿಸ್ತು, ಮೂರೂ ಇದ್ದವರಿಗೆ ವರ್ಷದ ಚಂದಾ. ಕೇಳುಗರೆಲ್ಲ ಯೂಟ್ಯೂಬಿನಲ್ಲಿ, ಕಾಲರ್ ಟ್ಯೂನಿನಲ್ಲಿ ಇರುವ ಜಾನಪದ ಗಾಯಕರು ವಿಡಿಯೋ ಹಕ್ಕನ್ನು ಅವಧಿ ಹಾಕಿ ಕಂಪನಿಗೆ ಕೊಟ್ಟು, ಆಡಿಯೋವನ್ನು ಭಾರತದ ಡಿಸ್ಟ್ರಿಬ್ಯೂಟರ್ ಮೂಲಕ ಕಳಿಸುವುದು ನನಗೆ ಸರಿ ಕಾಣುತ್ತದೆ. ಸ್ವಂತ ಚಾನೆಲ್ ಕಟ್ಟುವವರಿಗೆ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ.

ಮಂಡಳಿಯ ಖಾತೆಯನ್ನು ಮೊಬೈಲ್ ಬಲ್ಲ ಒಬ್ಬ ಹುಡುಗನ ಸ್ವಂತ ಇಮೇಲಿನಲ್ಲಿ ತೆರೆಯಬೇಡಿ. ಅವನು ನೌಕರಿಗೆಂದು ಬೆಂಗಳೂರಿಗೆ ಹೋಗಿ ನಂಬರು ಬದಲಿಸಿದ ದಿನ ಒಟಿಪಿ ಯಾರಿಗೂ ಬರುವುದಿಲ್ಲ. ಮಂಡಳಿಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿ, ರಿಕವರಿ ನಂಬರು ಇಬ್ಬರದ್ದು ಇಡಿ.

ಬದಲಿಸುವಾಗ

ಆರಿಸಿದ್ದು ತಪ್ಪಾದರೆ ಬದಲಿಸಬಹುದು, ಕ್ರಮ ತಪ್ಪಬಾರದು ಅಷ್ಟೇ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಗುರುತು ಇರುತ್ತದೆ, ಇಡೀ ಬಿಡುಗಡೆಗೆ ಯುಪಿಸಿ ಸಂಖ್ಯೆ ಇರುತ್ತದೆ. ಹಳೆಯ ಖಾತೆಯಿಂದ ಎರಡನ್ನೂ ಬರೆದುಕೊಳ್ಳಿ. ಹೊಸ ಸೇವೆಯಲ್ಲಿ ಅದೇ ವೇವ್ ಫೈಲು, ಅದೇ ಶೀರ್ಷಿಕೆ, ಅದೇ ಗಾಯಕರ ಹೆಸರು, ಅದೇ ಐಎಸ್‌ಆರ್‌ಸಿ ತುಂಬಿ. "ಹೊಸ ಕೋಡ್ ಕೊಡು" ಎಂಬುದನ್ನು ಒತ್ತಿದರೆ ಸ್ಟ್ರೀಮಿನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹೊಸದು ಆ್ಯಪ್‌ಗಳಲ್ಲಿ ಕಾಣಿಸಿ, ಹಳೆಯ ಎಣಿಕೆ ಅದಕ್ಕೆ ಕೂಡಿದ್ದನ್ನು ನೋಡಿದ ಮೇಲೆಯೇ ಹಳೆಯದನ್ನು ಇಳಿಸಲು ಹೇಳಿ. ಮೊದಲೇ ಇಳಿಸಿದರೆ ಜನರ ಪ್ಲೇಲಿಸ್ಟುಗಳಿಂದ ಹಾಡು ಮಾಯವಾಗುತ್ತದೆ. ಕಂಟೆಂಟ್ ಐಡಿಯದು ಮಾತ್ರ ಉಲ್ಟಾ: ಹಳೆಯ ಕಡೆ ತೆಗೆಸಿ, ಆಮೇಲೆ ಹೊಸ ಕಡೆ ಹಾಕಿಸಿ, ಇಲ್ಲದಿದ್ದರೆ ಇಬ್ಬರು ಒಡೆಯರ ತಕರಾರು ಬಂದು ಇಬ್ಬರ ಗಳಿಕೆಯೂ ತಡೆಹಿಡಿಯಲ್ಪಡುತ್ತದೆ. ಆ್ಯಪ್‌ಗಳ ಲೆಕ್ಕ ಎರಡು-ಮೂರು ತಿಂಗಳು ತಡವಾಗಿ ಬರುವುದರಿಂದ ಹಳೆಯ ಖಾತೆಯನ್ನು ಕೊನೆಯ ಪಾವತಿ ಕೈಸೇರುವ ತನಕ ಮುಚ್ಚಬೇಡಿ.